ಡಿಗ್ರಿ ಮುಗಿದವರು ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆ ಹೋಗಬಹುದೇ?

ಹೋಗಬಹುದು, ಆದರೆ ಡಿಗ್ರಿ ಮುಗಿದದ್ದು ಕೂಟದ ಹಿಂದಿನ ವರ್ಷವೇ ಆಗಿರಬೇಕು. ಅದಕ್ಕಿಂತ ಹಳೆಯದಾದರೆ ಮತ್ತೆ ಯಾವುದಾದರೂ ಕೋರ್ಸಿಗೆ ಸೇರಿರಬೇಕು. ಜೊತೆಗೆ, ಕೂಟ ನಡೆಯುವ ವರ್ಷದ ಡಿಸೆಂಬರ್ 31ಕ್ಕೆ ವಯಸ್ಸು 25 ದಾಟಿರಬಾರದು. 2025ರ ಜರ್ಮನಿಯ ಕೂಟಕ್ಕೆ 2000ದ ಜನವರಿ 1ರಂದು ಅಥವಾ ಅದರ ನಂತರ ಹುಟ್ಟಿದವರಿಗಷ್ಟೇ ಅವಕಾಶವಿತ್ತು.

ಕೂಟ ನಡೆಸುವುದು ಫಿಸು (FISU), ಅಂದರೆ ಅಂತಾರಾಷ್ಟ್ರೀಯ ವಿಶ್ವವಿದ್ಯಾಲಯ ಕ್ರೀಡಾ ಒಕ್ಕೂಟ, ಎರಡು ವರ್ಷಕ್ಕೊಮ್ಮೆ. ನಮ್ಮ ತಂಡ ಕಳಿಸುವುದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ. ಹಾಗಾಗಿ ಕಾಲೇಜಿನಿಂದ ವಿಶ್ವವಿದ್ಯಾಲಯದ ತಂಡ, ಅಲ್ಲಿಂದ ಅಂತರ ವಿಶ್ವವಿದ್ಯಾಲಯ ಸ್ಪರ್ಧೆ, ಆಮೇಲೆ ಆಯ್ಕೆ ಟ್ರಯಲ್ಸ್, ಇದೇ ಮಾಮೂಲಿ ದಾರಿ.

ಇದನ್ನು ಕಾಲೇಜು ಹುಡುಗರ ಆಟ ಅಂತ ಹಗುರವಾಗಿ ಕಾಣಬೇಡಿ. 2019ರಲ್ಲಿ ಇಟಲಿಯ ನೇಪಲ್ಸ್‌ನಲ್ಲಿ ನಡೆದ ಕೂಟದಲ್ಲಿ ನಮ್ಮ ಓಟಗಾರ್ತಿ ದ್ಯುತಿ ಚಂದ್ 100 ಮೀಟರ್ ಚಿನ್ನ ಗೆದ್ದದ್ದು 11.32 ಸೆಕೆಂಡಿನಲ್ಲಿ. 2023ರಲ್ಲಿ ಚೀನಾದ ಚೆಂಗ್ಡುವಿನಲ್ಲಿ ಭಾರತಕ್ಕೆ 26 ಪದಕ ಬಂತು, ಹೆಚ್ಚಿನವು ಶೂಟಿಂಗ್‌ನವು. ಚಿನ್ನ ಗೆದ್ದವರಲ್ಲಿ ಮನು ಭಾಕರ್ ಕೂಡ ಇದ್ದರು.

ಆಟಕ್ಕಿಂತ ಕಾಗದಪತ್ರವೇ ಕೈಕೊಡುವುದೂ ಉಂಟು. 2025ರಲ್ಲಿ ಬ್ಯಾಡ್ಮಿಂಟನ್‌ಗೆ ಹೋದ 12 ಮಂದಿಯಲ್ಲಿ ಆರು ಜನರ ಹೆಸರು ಸರಿಯಾಗಿ ಸಲ್ಲಿಕೆಯಾಗದೆ ಅವರು ಆಡಲಾಗಲಿಲ್ಲ. ಪಾಸ್‌ಪೋರ್ಟ್, ದಾಖಲಾತಿ ಪ್ರಮಾಣಪತ್ರ, ಅಂಕಪಟ್ಟಿ ಈಗಲೇ ಜೋಡಿಸಿಟ್ಟುಕೊಳ್ಳಿ.