ಫ್ರೀಮೇಸನ್ ಲಾಡ್ಜ್ ಹೇಗೆ ನಡೆಯುತ್ತದೆ? ಕಲಬುರಗಿಯಲ್ಲಿರುವವರು ಅದಕ್ಕೆ ಸೇರುವುದು ಹೇಗೆ?

ಫ್ರೀಮೇಸನ್ರಿ ಎಂಬುದು ಸದಸ್ಯರ ನಡತೆ ತಿದ್ದುವ, ದಾನ ಮಾಡುವ ಒಂದು ಹಳೆಯ ಸಹೋದರ ಸಂಘ; ಅದರ ಸದಸ್ಯನೇ ಮೇಸನ್, ಸದಸ್ಯರು ಸೇರುವ ಸ್ಥಳೀಯ ಶಾಖೆಯೇ ಲಾಡ್ಜ್. ನೀವು ಮುಖ್ಯವಾಗಿ ಮೂರು ಸಂಗತಿಗಳನ್ನು ಕೇಳಿದ್ದೀರಿ: ಲಾಡ್ಜಿನೊಳಗೆ ನಿಜವಾಗಿ ಏನು ನಡೆಯುತ್ತದೆ, ಕಲಬುರಗಿಯಲ್ಲಿ ಖಾಸಗಿ ಕೆಲಸದಲ್ಲಿರುವ ಲಿಂಗಾಯತ ಮನೆತನದ ಯುವಕನೊಬ್ಬ ಅದಕ್ಕೆ ಸೇರಬಹುದೇ, ಮತ್ತು "ನೋಂದಣಿ ಶುಲ್ಕ ಕಟ್ಟಿದರೆ ಒಂದೇ ವಾರದಲ್ಲಿ ಸದಸ್ಯತ್ವ, ಆಮೇಲೆ ಹಣ, ಕಾರು, ಅಧಿಕಾರ" ಎಂದು ನಿಮಗೆ ವಾಟ್ಸಾಪಿನಲ್ಲಿ ಬಂದಿರುವ ಸಂದೇಶವನ್ನು ನಂಬಬಹುದೇ. ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ತುರ್ತಿನದು. ಆ ಸಂದೇಶ ಶುದ್ಧ ಮೋಸ. ಒಂದು ರೂಪಾಯಿಯನ್ನೂ ಕಳಿಸಬೇಡಿ, ಆಧಾರ್ ಮತ್ತು ಪ್ಯಾನ್ ಕಾರ್ಡಿನ ಪ್ರತಿಗಳನ್ನು ಕೊಡಬೇಡಿ. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ 1930 ಸೈಬರ್ ಸಹಾಯವಾಣಿಗೆ ಕರೆ ಮಾಡಿ. ಯಾವ ನಿಜವಾದ ಲಾಡ್ಜೂ ಅಪರಿಚಿತನಿಗೆ ಸಂದೇಶ ಕಳಿಸಿ ಸದಸ್ಯತ್ವ ಮಾರುವುದಿಲ್ಲ. ಮುಖ ನೋಡದ ಮನುಷ್ಯನನ್ನು ಸೇರಿಸಿಕೊಳ್ಳುವುದಿಲ್ಲ. ಏಕೆ ಎಂಬುದು ಮುಂದೆ ಓದಿದಂತೆ ತಾನಾಗಿ ಸ್ಪಷ್ಟವಾಗುತ್ತದೆ.

ನಾನು ಕಲಬುರಗಿಯ ನಿವಾಸಿ, ಹೈದರಾಬಾದಿನ ಒಂದು ಲಾಡ್ಜಿನ ಸದಸ್ಯ. ಮೂರನೆಯ ಹಂತವಾದ ಮಾಸ್ಟರ್ ಮೇಸನ್ ಪದವಿಯವರೆಗೆ ಬಂದಿದ್ದೇನೆ. ಸದಸ್ಯರು ಪರಸ್ಪರ ಗುರುತಿಸಿಕೊಳ್ಳುವ ಸಂಕೇತಗಳು, ಕೈಹಿಡಿತಗಳು, ಪದಗಳು, ಇವುಗಳನ್ನು ಹೊರಗೆ ಹೇಳುವುದಿಲ್ಲವೆಂದು ಪ್ರಮಾಣ ಮಾಡಿದ್ದೇನೆ, ಆದ್ದರಿಂದ ಹೇಳುವುದಿಲ್ಲ. ಅವನ್ನು ಬಿಟ್ಟರೆ ಸಂಸ್ಥೆಯ ಉದ್ದೇಶ, ರಚನೆ, ನಿಯಮ, ಸೇರುವ ವಿಧಾನ ಯಾವುದೂ ಗುಟ್ಟಿನ ವಿಷಯವಲ್ಲ. ನಾನು ಮೇಸನ್ ಎಂಬುದು ನನ್ನ ಮನೆಯವರಿಗೂ ನೆರೆಯವರಿಗೂ ಗೊತ್ತು.

ಇದರ ಬೇರು ಕಲ್ಲುಕುಟಿಗರ ಸಂಘಗಳಲ್ಲಿದೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನಲ್ಲಿ ದೊಡ್ಡ ಚರ್ಚುಗಳನ್ನೂ ಕೋಟೆಗಳನ್ನೂ ಕಟ್ಟುತ್ತಿದ್ದ ಕಸುಬುದಾರರ ಕೂಟಗಳಿಗೆ ಕ್ರಮೇಣ ಕಲ್ಲಿನ ಕೆಲಸ ಮಾಡದ ಜನರೂ ಸೇರತೊಡಗಿದರು; ಉಪಕರಣಗಳು ಉಳಿದವು, ಅವುಗಳ ಅರ್ಥ ಮಾತ್ರ ನಡತೆಯ ಕಡೆಗೆ ತಿರುಗಿತು. 1717ರ ಜೂನ್ 24ರಂದು ಲಂಡನ್ನಿನಲ್ಲಿ ಮೊದಲ ಗ್ರ್ಯಾಂಡ್ ಲಾಡ್ಜ್, ಅಂದರೆ ಹಲವು ಲಾಡ್ಜುಗಳ ಮೇಲಿನ ಆಡಳಿತ ಸಂಸ್ಥೆ, ಸ್ಥಾಪನೆಯಾಯಿತೆಂದು ಸಂಪ್ರದಾಯ ಹೇಳುತ್ತದೆ; 1723ರಲ್ಲಿ ಜೇಮ್ಸ್ ಆಂಡರ್ಸನ್ ಸಿದ್ಧಪಡಿಸಿದ ನಿಯಮಗ್ರಂಥ ಮುದ್ರಣವಾಯಿತು. ಕೆಲವೇ ವರ್ಷಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯವರ ಜೊತೆ ಅದು ಕಲ್ಕತ್ತೆಗೆ ಬಂತು, ಆಮೇಲೆ ಮದ್ರಾಸು, ಮುಂಬಯಿಗಳಿಗೆ. ನಮ್ಮ ಭಾಗದವರಿಗೆ ಹತ್ತಿರದ ಕಥೆ ಹೈದರಾಬಾದಿನದು. ಅಲ್ಲಿನ ಗೋಶಾಮಹಲ್ ಬಾರಾದರಿ ಕುತುಬ್‌ಶಾಹಿಗಳ ಕಾಲದ ಕಟ್ಟಡ. ನಿಜಾಮರ ಆಳ್ವಿಕೆಯಲ್ಲಿ ಅದು ಮೇಸನರಿಗೆ ದೊರೆಯಿತು. ಕಲಬುರಗಿ, ಬೀದರ್, ಯಾದಗಿರಿಗಳು ಅದೇ ಸಂಸ್ಥಾನದಲ್ಲಿದ್ದವು ಎಂಬುದನ್ನು ನೆನೆದರೆ ಈ ಸಂಸ್ಥೆ ನಮಗೆ ಅಷ್ಟೇನೂ ದೂರದ್ದಲ್ಲ.

ಈಗಿನ ವ್ಯವಸ್ಥೆ ಹೀಗಿದೆ. 1961ರ ನವೆಂಬರ್ 24ರಂದು ದೆಹಲಿಯಲ್ಲಿ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಸ್ಥಾಪನೆಯಾಯಿತು. ಅದರ ಕೆಳಗೆ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂಬ ನಾಲ್ಕು ಪ್ರಾದೇಶಿಕ ಗ್ರ್ಯಾಂಡ್ ಲಾಡ್ಜುಗಳಿವೆ. ಇಂಗ್ಲೆಂಡ್, ಸ್ಕಾಟ್ಲೆಂಡಿನ ಗ್ರ್ಯಾಂಡ್ ಲಾಡ್ಜುಗಳ ಅಡಿಯಲ್ಲಿಯೇ ಉಳಿದುಕೊಂಡ ಕೆಲವು ಹಳೆಯ ಲಾಡ್ಜುಗಳೂ ದೇಶದಲ್ಲಿವೆ, ಅವೂ ಮಾನ್ಯವಾದವೇ. ನೀವು ನೋಡಬೇಕಾದದ್ದು ಇಷ್ಟು: ಪ್ರತಿಯೊಂದು ಲಾಡ್ಜಿಗೂ ಇಂಥ ಒಂದು ಗ್ರ್ಯಾಂಡ್ ಲಾಡ್ಜು ಕೊಟ್ಟ ಸನ್ನದು ಇರಬೇಕು. ಸನ್ನದಿಲ್ಲದ ಕೂಟ, ಅದರ ಹೆಸರು ಎಷ್ಟೇ ಗಂಭೀರವಾಗಿರಲಿ, ಮೇಸನ್ ಲಾಡ್ಜ್ ಅಲ್ಲ.

ಲಾಡ್ಜಿನ ಮುಖ್ಯಸ್ಥರನ್ನು ವರ್ಷಿಪ್‌ಫುಲ್ ಮಾಸ್ಟರ್ ಎನ್ನುತ್ತಾರೆ. ಅವರನ್ನು ಸದಸ್ಯರು ವರ್ಷಕ್ಕೊಮ್ಮೆ ಆರಿಸುತ್ತಾರೆ. ಅವರ ಆಸನ ಪೂರ್ವದಲ್ಲಿ, ಸೀನಿಯರ್ ವಾರ್ಡನ್ ಪಶ್ಚಿಮದಲ್ಲಿ, ಜೂನಿಯರ್ ವಾರ್ಡನ್ ದಕ್ಷಿಣದಲ್ಲಿ. ಕಾರ್ಯದರ್ಶಿ, ಖಜಾಂಚಿ ಎಲ್ಲ ಸಂಘಗಳಲ್ಲಿರುವಂತೆಯೇ. ಡೀಕನ್‌ಗಳು ಎಂಬ ಇಬ್ಬರು ಸಂದೇಶ ಒಯ್ಯುತ್ತಾರೆ, ಹೊಸಬನ ಕೈಹಿಡಿದು ನಡೆಸುತ್ತಾರೆ. ಬಾಗಿಲ ಒಳಗೊಬ್ಬರು ಕಾವಲು, ಹೊರಗೆ ಕತ್ತಿ ಹಿಡಿದ, ಟೈಲರ್ ಎಂದು ಕರೆಯುವ ಇನ್ನೊಬ್ಬ ಕಾವಲುಗಾರ. ನೆಲ ಕಪ್ಪು ಬಿಳಿ ಚೌಕಗಳದ್ದು. ಸಭೆ ಸಾಮಾನ್ಯವಾಗಿ ತಿಂಗಳಿಗೊಮ್ಮೆ, ಗೊತ್ತಾದ ವಾರದಂದು, ಸಂಜೆ ಸೇರುತ್ತದೆ. ಹಿಂದಿನ ಸಭೆಯ ನಡಾವಳಿ ಓದುವುದು, ಲೆಕ್ಕ, ಪತ್ರವ್ಯವಹಾರ, ದಾನದ ವಿಷಯ ಮುಗಿದ ಮೇಲೆ ಆ ದಿನ ಯಾರಿಗಾದರೂ ಪದವಿ ಕೊಡುವುದಿದ್ದರೆ ಅದರ ವಿಧಿ. ಕೊನೆಗೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುತ್ತಾರೆ. ಸಭೆಯೊಳಗೆ ರಾಜಕೀಯದ ಮಾತಾಗಲಿ ಧರ್ಮದ ವಾದವಾಗಲಿ ಎತ್ತುವಂತಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ ಇದೊಂದು ನಿಯಮಕ್ಕಾಗಿಯೇ ಲಾಡ್ಜಿಗೆ ಹೋಗಬಹುದು. ಊರಿನಲ್ಲಿ ಪರಸ್ಪರ ವಿರುದ್ಧ ಪಕ್ಷಗಳಿಗೆ ದುಡಿಯುವವರು ಅಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡುವುದನ್ನು ನಾನು ಕಂಡಿದ್ದೇನೆ.

ಹಂತಗಳು ಮೂರು: ಎಂಟರ್ಡ್ ಅಪ್ರೆಂಟಿಸ್, ಫೆಲೋ ಕ್ರಾಫ್ಟ್, ಮಾಸ್ಟರ್ ಮೇಸನ್. ಪ್ರತಿ ಹಂತದಲ್ಲಿಯೂ ಕಲ್ಲುಕುಟಿಗರ ಉಪಕರಣಗಳನ್ನು ತೋರಿಸಿ ಅವುಗಳ ನೈತಿಕ ಅರ್ಥವನ್ನು ಹೇಳಿಕೊಡುತ್ತಾರೆ. ಮೊದಲ ಹಂತದಲ್ಲಿ 24 ಅಂಗುಲದ ಅಳತೆಕೋಲು, ಸುತ್ತಿಗೆ, ಉಳಿ. ಅಳತೆಕೋಲು ದಿನದ 24 ಗಂಟೆಗಳನ್ನು ಪ್ರಾರ್ಥನೆಗೆ, ದುಡಿಮೆಗೆ, ವಿಶ್ರಾಂತಿಗೆ, ಕಷ್ಟದಲ್ಲಿರುವವರ ನೆರವಿಗೆ ಹಂಚಿಕೊಳ್ಳಬೇಕೆಂಬುದನ್ನು ನೆನಪಿಸುತ್ತದೆ. ಲಾಡ್ಜಿನಲ್ಲಿ ಒಂದು ಒರಟು ಕಲ್ಲು, ಒಂದು ನಯಗೊಳಿಸಿದ ಕಲ್ಲು ಇಟ್ಟಿರುತ್ತಾರೆ. ಶಹಾಬಾದಿನ ಖಣಿಯಿಂದ ಎದ್ದ ಬಂಡೆ ಉಳಿ ಪೆಟ್ಟು ತಿಂದು, ಪಾಲಿಶ್ ಆಗಿ, ಮನೆಯ ಫರಸಿಯಾಗುವುದನ್ನು ನೋಡುತ್ತ ಬೆಳೆದ ನಮಗೆ ಆ ಎರಡು ಕಲ್ಲುಗಳ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೊಸಬನು ಒರಟು ಕಲ್ಲು, ಉಳಿ ಅವನ ಕೈಯಲ್ಲಿಯೇ ಇದೆ.

ಒಂದು ಹಂತದಿಂದ ಮುಂದಿನದಕ್ಕೆ ಹೋಗುವ ಮೊದಲು ತುಂಬಿದ ಸಭೆಯಲ್ಲಿ ನಿಗದಿತ ಪ್ರಶ್ನೆಗಳಿಗೆ ಬಾಯಿಪಾಠದಿಂದ ಉತ್ತರ ಹೇಳಬೇಕು. ನಮ್ಮ ಲಾಡ್ಜಿನಲ್ಲಿ ವಿಧಿಯೆಲ್ಲ ಇಂಗ್ಲಿಷಿನಲ್ಲಿಯೇ ನಡೆಯುತ್ತದೆ, ಅದೂ ಹಳೆಯ ಕಾಲದ ಉದ್ದುದ್ದ ವಾಕ್ಯಗಳ ಇಂಗ್ಲಿಷು. ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಆ ಸಾಲುಗಳನ್ನು ರೈಲು ವಾಡಿ ಬಿಟ್ಟಾಗಿನಿಂದ ತಾಂಡೂರು ಬರುವವರೆಗೆ ತುಟಿಯಲ್ಲಿಯೇ ಗುನುಗಿ ಕಲಿತವನು. ಉತ್ತರ ಹೇಳುವಾಗ ಎಲ್ಲಿಯಾದರೂ ತಡವರಿಸಿದರೆ ಪಕ್ಕದಲ್ಲಿ ನಿಂತ ಡೀಕನ್ ಮೆಲ್ಲಗೆ ಮುಂದಿನ ಪದ ಎತ್ತಿಕೊಡುತ್ತಾರೆ. ಯಾರೂ ನಗುವುದಿಲ್ಲ, ಏಕೆಂದರೆ ಅಲ್ಲಿ ಕೂತ ಪ್ರತಿಯೊಬ್ಬರೂ ಅದೇ ಜಾಗದಲ್ಲಿ ನಿಂತು ಬಂದವರು. ಇಂಗ್ಲಿಷ್ ಅಷ್ಟಾಗಿ ಬಾರದೆಂದು ನೀವು ಹಿಂಜರಿಯಬೇಕಾಗಿಲ್ಲ; ಓದಿ ಅರ್ಥ ಮಾಡಿಕೊಳ್ಳುವಷ್ಟು ಬಂದರೆ ಸಾಕು.

ಧರ್ಮದ ಬಗ್ಗೆ ನೀವು ವಿಶೇಷವಾಗಿ ಕೇಳಿದ್ದೀರಿ. ದೇವರಲ್ಲಿ ನಂಬಿಕೆ ಇರಲೇಬೇಕು ಎಂಬುದು ಸೇರುವವರ ಮೊದಲ ಅರ್ಹತೆ. ಯಾವ ದೇವರು, ಯಾವ ಮಾರ್ಗ ಎಂದು ಯಾರೂ ಕೇಳುವುದಿಲ್ಲ. ಲಾಡ್ಜಿನ ಪ್ರಾರ್ಥನೆಯಲ್ಲಿ ಆತನನ್ನು ವಿಶ್ವದ ಮಹಾಶಿಲ್ಪಿ ಎಂದು ಕರೆಯಲಾಗುತ್ತದೆ. ಭಾರತದ ಲಾಡ್ಜುಗಳಲ್ಲಿ ಭಗವದ್ಗೀತೆ, ಕುರಾನ್, ಬೈಬಲ್, ಗುರು ಗ್ರಂಥ ಸಾಹಿಬ್, ಪಾರಸಿಗಳ ಜೆಂದ್ ಅವೆಸ್ತಾ ಮುಂತಾದವನ್ನು ಅಕ್ಕಪಕ್ಕ ಇಡುವ ಪದ್ಧತಿ ಇದೆ, ಪ್ರಮಾಣ ಮಾಡುವವನು ತನ್ನ ಗ್ರಂಥವನ್ನು ಮುಟ್ಟಿ ಮಾಡುತ್ತಾನೆ. ಅದರ ತತ್ವ ಸರಳ: ಪ್ರಮಾಣ ನಿಮ್ಮ ಅಂತಃಕರಣವನ್ನು ಕಟ್ಟಬೇಕು. ಶರಣರ ವಚನಗಳೇ ನನಗೆ ಧರ್ಮಗ್ರಂಥ ಎಂಬುದು ನಿಮ್ಮ ಭಾವನೆಯಾದರೆ ಅದನ್ನು ಸಂದರ್ಶನದಲ್ಲಿಯೇ ಹೇಳಿ. ಇನ್ನೊಂದು ಮಾತು. ಮೊದಲ ಪದವಿಯ ವಿಧಿಗೆ ಮುನ್ನ ಅಭ್ಯರ್ಥಿಯ ಬಳಿಯಿರುವ ಹಣ ಮತ್ತು ಲೋಹದ ವಸ್ತುಗಳನ್ನು ತೆಗೆದಿರಿಸುತ್ತಾರೆ, ಇದು ಎಲ್ಲೆಡೆ ಪ್ರಕಟವಾಗಿರುವ ಸಂಗತಿ. ನೀವು ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗ ಧರಿಸುವವರಾದರೆ ಆ ದಿನ ಬಾಗಿಲ ಬಳಿ ಮುಜುಗರಪಡುವುದು ಬೇಡ. ವಾರಗಳ ಮುಂಚೆಯೇ ಕಾರ್ಯದರ್ಶಿಯವರಿಗೆ ತಿಳಿಸಿ ಮಾತಾಡಿಕೊಳ್ಳಿ. ಕ್ಯಾಥೋಲಿಕ್ ಚರ್ಚು 1738ರಿಂದಲೂ ತನ್ನ ಅನುಯಾಯಿಗಳಿಗೆ ಇದನ್ನು ನಿಷೇಧಿಸಿದೆ, 1983ರಲ್ಲಿ ಅದನ್ನು ಪುನಃ ಸ್ಪಷ್ಟಪಡಿಸಿದೆ. ಇದನ್ನು ಓದುವ ಕ್ಯಾಥೋಲಿಕ್ ಬಂಧುಗಳು ತಿಳಿದಿರಲೆಂದು ಹೇಳುತ್ತಿದ್ದೇನೆ.

ಇನ್ನು ಸೇರುವ ವಿಷಯ. ವಯಸ್ಸು 21 ತುಂಬಿರಬೇಕು, ನಡತೆಯ ಬಗ್ಗೆ ಒಳ್ಳೆಯ ಹೆಸರಿರಬೇಕು, ಮನೆಯನ್ನು ಕಷ್ಟಕ್ಕೆ ಗುರಿಮಾಡದೆ ಚಂದಾ ಕಟ್ಟುವ ಶಕ್ತಿ ಇರಬೇಕು. ಈ ಲಾಡ್ಜುಗಳಲ್ಲಿ ಮಹಿಳೆಯರಿಗೆ ಪ್ರವೇಶವಿಲ್ಲ. ಸ್ತ್ರೀಪುರುಷರಿಬ್ಬರನ್ನೂ ಸೇರಿಸಿಕೊಳ್ಳುವ ಕೋ-ಮೇಸನ್ರಿ ಎಂಬ ಪ್ರತ್ಯೇಕ ಸಂಸ್ಥೆಗೆ 1902ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಆನಿ ಬೆಸೆಂಟ್ ಅವರು ಅದನ್ನು ಭಾರತಕ್ಕೆ ತಂದರು, ಆದರೆ ನಾನು ಹೇಳುತ್ತಿರುವ ಲಾಡ್ಜುಗಳು ಅದಕ್ಕೆ ಮಾನ್ಯತೆ ನೀಡುವುದಿಲ್ಲ.

ನಿಮಗೆ ಗೊತ್ತಿರುವ ಮೇಸನ್ ಯಾರಾದರೂ ಇದ್ದರೆ ಅವರನ್ನೇ ನೇರವಾಗಿ ಕೇಳಿ. ಅವರಾಗಿ ಕರೆಯಲಿ ಎಂದು ಕಾಯುತ್ತ ಕೂತರೆ ವರ್ಷಗಳು ಉರುಳುತ್ತವೆ, ಏಕೆಂದರೆ ಒತ್ತಾಯದಿಂದ ಯಾರನ್ನೂ ಕರೆತರಬಾರದೆಂಬುದು ನಮ್ಮಲ್ಲಿ ಹಳೆಯ ಶಿಸ್ತು. ಅಭ್ಯರ್ಥಿ ಸ್ವಂತ ಇಚ್ಛೆಯಿಂದ ಬಂದಿದ್ದೇನೆಂದು ವಿಧಿಯಲ್ಲಿಯೂ ಹೇಳಬೇಕಾಗುತ್ತದೆ. ಗೊತ್ತಿರುವವರು ಇಲ್ಲದಿದ್ದರೆ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾದ ಅಧಿಕೃತ ಜಾಲತಾಣದ ಮೂಲಕ ಪತ್ರ ಬರೆಯಿರಿ, ನಿಮಗೆ ಅನುಕೂಲವಾದ ಲಾಡ್ಜಿನ ಸಂಪರ್ಕ ಸಿಗುತ್ತದೆ. ಆಮೇಲೆ ಅರ್ಜಿಗೆ ಒಬ್ಬ ಸೂಚಕ, ಒಬ್ಬ ಅನುಮೋದಕ ಬೇಕು. ಇವರಿಬ್ಬರೂ ನಿಮ್ಮನ್ನು ಬಲ್ಲವರಾಗಿರಬೇಕು. ಅಪರಿಚಿತರಾಗಿ ಬಂದವರೊಡನೆ ಕೆಲವು ತಿಂಗಳು ಒಡನಾಡಿದ ಮೇಲೆಯೇ ಸಹಿ ಹಾಕುತ್ತಾರೆ. ಅನಂತರ ಕೆಲವು ಸದಸ್ಯರು ನಿಮ್ಮೊಂದಿಗೆ ಕೂತು ಮಾತಾಡುತ್ತಾರೆ, ಎಷ್ಟೋ ಸಲ ಮನೆಗೂ ಬರುತ್ತಾರೆ. ನನ್ನ ಮನೆಗೆ ಬಂದವರು ನನಗಿಂತ ಹೆಚ್ಚು ಪ್ರಶ್ನೆಗಳನ್ನು ನನ್ನ ಹೆಂಡತಿಗೆ ಕೇಳಿದರು: ತಿಂಗಳಿಗೊಮ್ಮೆ ಇವರು ರಾತ್ರಿ ಮನೆಯಲ್ಲಿರುವುದಿಲ್ಲ, ನಿಮಗೆ ಒಪ್ಪಿಗೆಯೇ, ಖರ್ಚಿನ ವಿಷಯ ಇವರು ನಿಮಗೆ ಹೇಳಿದ್ದಾರೆಯೇ ಎಂದು. ಆಕೆ ಒಪ್ಪದಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತಿತ್ತು, ಹಾಗೆ ನಿಲ್ಲುವುದೇ ನ್ಯಾಯ.

ಕೊನೆಯದು ಮತದಾನ. ನಿಮ್ಮ ಹೆಸರು, ವೃತ್ತಿ, ವಿಳಾಸ ಸಭೆಯ ಆಮಂತ್ರಣದಲ್ಲಿ ಅಚ್ಚಾಗಿ ಎಲ್ಲ ಸದಸ್ಯರಿಗೂ ಹೋಗುತ್ತದೆ. ಸಭೆಯಲ್ಲಿ ಡೀಕನ್ ಸಣ್ಣದೊಂದು ಮರದ ಪೆಟ್ಟಿಗೆಯನ್ನು ಹಿಡಿದು ಪ್ರತಿ ಸದಸ್ಯರ ಮುಂದೆಯೂ ನಿಲ್ಲುತ್ತಾರೆ. ನಮ್ಮಲ್ಲಿರುವ ಪೆಟ್ಟಿಗೆಯ ಬಾಯಿ ಕೈ ಮಣಿಕಟ್ಟಿನವರೆಗೆ ಒಳಹೋಗುವಷ್ಟಿದೆ. ಒಳಗೆ ಬಿಳಿಯ ಗುಂಡು ಬೀಳಿಸಿದರೋ ಕರಿಯದೋ ಪಕ್ಕದವರಿಗೂ ಕಾಣುವುದಿಲ್ಲ, ಮರಕ್ಕೆ ಗುಂಡು ತಾಗಿದ ಸದ್ದು ಮಾತ್ರ ಕೇಳುತ್ತದೆ. ಆಗ ಯಾರೂ ಮಾತಾಡುವುದಿಲ್ಲ. ಎಲ್ಲರದೂ ಮುಗಿದ ಮೇಲೆ ಮಾಸ್ಟರ್ ಎದುರು ಪೆಟ್ಟಿಗೆ ತೆರೆಯುತ್ತಾರೆ. ಎಷ್ಟು ಕರಿಯ ಗುಂಡು ಬಿದ್ದರೆ ಅರ್ಜಿ ತಿರಸ್ಕೃತವೆಂಬುದು ನಿಯಮದಲ್ಲಿರುತ್ತದೆ, ಅದು ಬಹಳ ಸಣ್ಣ ಸಂಖ್ಯೆ. ಬಹುಮತದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇದು ಕಠಿಣವೆಂದು ಕೆಲವರು ಹೇಳುತ್ತಾರೆ. ಜೀವಮಾನವಿಡೀ ಸಹೋದರನೆಂದು ಕರೆಯಬೇಕಾದವನ ಬಗ್ಗೆ ಒಬ್ಬ ಸದಸ್ಯನಿಗೆ ಗಂಭೀರ ಸಂಶಯವಿದ್ದರೆ ಅದಕ್ಕೆ ಬೆಲೆ ಕೊಡಬೇಕೆಂದೇ ನಾನು ಭಾವಿಸುತ್ತೇನೆ.

ಪ್ರವೇಶ ಶುಲ್ಕ ಮತ್ತು ವಾರ್ಷಿಕ ಚಂದಾ ಲಾಡ್ಜಿನಿಂದ ಲಾಡ್ಜಿಗೆ ಬೇರೆ ಬೇರೆ, ಕಾರ್ಯದರ್ಶಿಯವರು ಅರ್ಜಿಯ ಹಂತದಲ್ಲಿಯೇ ಹೇಳುತ್ತಾರೆ, ರಸೀದಿ ಕೊಡುತ್ತಾರೆ. ಊಟ, ದಾನ, ಕಪ್ಪು ಉಡುಪು, ಬಿಳಿಯ ಕೈಗವಸು ಇವುಗಳ ಖರ್ಚು ಬೇರೆ. ನಮ್ಮ ಭಾಗದವರು ಇದಕ್ಕೆ ಪ್ರಯಾಣವನ್ನೂ ಸೇರಿಸಿಕೊಳ್ಳಬೇಕು. ಬೀದರಿನವರು ಹೈದರಾಬಾದಿನ ಸಭೆ ಮುಗಿಸಿ ತಡರಾತ್ರಿಯಾದರೂ ಮನೆ ಸೇರಬಹುದು. ಕಲಬುರಗಿ, ಯಾದಗಿರಿಯವರು ರಾತ್ರಿ ಅಲ್ಲಿಯೇ ತಂಗಿ ಮರುದಿನ ಬೆಳಿಗ್ಗೆ ರೈಲು ಹಿಡಿಯುವುದೇ ಸರಿ. ಕೆಲಸದ ಸ್ಥಳದಲ್ಲಿ ಅದಕ್ಕೆ ರಜೆ ಸಿಗುವಂತಿಲ್ಲವಾದರೆ ಈಗ ಅರ್ಜಿ ಹಾಕಬೇಡಿ, ಎರಡು ವರ್ಷ ಬಿಟ್ಟು ಹಾಕಿ. ಹಾಜರಾಗದ ಸದಸ್ಯನಿಗೆ ಲಾಡ್ಜಿನಿಂದ ಸಿಗುವುದು ಏನೂ ಇಲ್ಲ.

ಸೇರಿದರೆ ವ್ಯಾಪಾರ ಬೆಳೆಯುತ್ತದೆಯೇ, ದೊಡ್ಡವರ ಪರಿಚಯದಿಂದ ಕೆಲಸಗಳು ಆಗುತ್ತವೆಯೇ ಎಂದೂ ಕೇಳಿದ್ದೀರಿ. ವಿವೇಕಾನಂದರು ಸನ್ಯಾಸಕ್ಕೆ ಮುನ್ನ 1884ರಲ್ಲಿ ಕಲ್ಕತ್ತೆಯ ಲಾಡ್ಜಿಗೆ ಸೇರಿದ್ದರು, ಮೋತಿಲಾಲ್ ನೆಹರು ಮೇಸನ್ ಆಗಿದ್ದರು, ಇವು ನಿಜ. ಇಂಥ ಹೆಸರುಗಳನ್ನು ತೋರಿಸಿ ಯಾರಾದರೂ ನಿಮಗೆ ಲಾಭದ ಆಸೆ ಹುಟ್ಟಿಸಿದರೆ ಅವರಿಂದ ದೂರವಿರಿ. ಸ್ವಂತ ಲಾಭಕ್ಕಾಗಿ ಬಂದಿಲ್ಲವೆಂದು ನೀವು ಎಲ್ಲರ ಎದುರು ಹೇಳಬೇಕಾಗುತ್ತದೆ, ಸುಳ್ಳು ಹೇಳಿ ಒಳಗೆ ಬಂದವನಿಗೆ ಅಲ್ಲಿ ನೆಮ್ಮದಿ ಇರುವುದಿಲ್ಲ.

ಗ್ರ್ಯಾಂಡ್ ಲಾಡ್ಜಿಗೆ ಬರೆಯುವ ನಿಮ್ಮ ಪತ್ರ ಚಿಕ್ಕದಾಗಿರಲಿ: ಹೆಸರು, ವಯಸ್ಸು, ಊರು, ಉದ್ಯೋಗ, ಮೇಸನ್ ಆಗಬೇಕೆಂದು ಏಕೆ ಅನ್ನಿಸಿತು ಎಂಬುದು ನಾಲ್ಕು ಸಾಲಿನಲ್ಲಿ, ಹೈದರಾಬಾದು ಅನುಕೂಲವೋ ಬೆಂಗಳೂರೋ ಎಂಬುದು. ಮೊದಲ ಪತ್ರದ ಜೊತೆ ದಾಖಲೆಗಳನ್ನಾಗಲಿ ಹಣವನ್ನಾಗಲಿ ಕಳಿಸಬೇಡಿ. ಉತ್ತರ ಬರಲು ಕೆಲವು ವಾರ ಹಿಡಿದರೆ ಬೇಸರಪಡದೆ ಇನ್ನೊಮ್ಮೆ ಬರೆಯಿರಿ.