ಕಡೇ ಹಾಡು ಯಾರದ್ದು?

ಓದುಗರ ಸಂಗೀತ ಪ್ರಶ್ನೆಗಳಿಗೆ ದಾವಣಗೆರೆಯ ಹಳೇ ಕ್ಯಾಸೆಟ್ ಅಂಗಡಿಯವರ ಉತ್ತರ

ಪ್ರಶ್ನೆ: ಮೊಬೈಲಿನಲ್ಲಿ ಎಷ್ಟು ಹುಡುಕಿದರೂ ಅವೇ ಇಪ್ಪತ್ತು ಹಾಡು ಸುತ್ತಿ ಸುತ್ತಿ ಬರುತ್ತವೆ. ಹೆಚ್ಚು ಜನಕ್ಕೆ ಗೊತ್ತಿಲ್ಲದ ಒಳ್ಳೆಯ ಸಂಗೀತಗಾರರನ್ನು ಹುಡುಕುವುದು ಹೇಗೆ? ನನಗೆ ಗಿಟಾರ್ ಎಂದರೆ ಪ್ರಾಣ.
(ಎಂಜಿನಿಯರಿಂಗ್ ವಿದ್ಯಾರ್ಥಿ, ವಿದ್ಯಾನಗರ, ದಾವಣಗೆರೆ)

ಉತ್ತರ: ತಮ್ಮಾ, ಹಾಡಿದವರ ಹೆಸರು ಹೇಗೂ ಸಿಗುತ್ತದೆ. ಪಕ್ಕದಲ್ಲಿ ಕೂತು ನುಡಿಸಿದವರ ಹೆಸರು ಹಿಡಿ. ನನ್ನ ಅಂಗಡಿಗೆ ಬರುತ್ತಿದ್ದ ಜಾನಪದ, ಭಜನೆ ಕ್ಯಾಸೆಟ್ಟುಗಳ ಮೇಲೆ ಒಬ್ಬರ ಹೆಸರು ದಪ್ಪಕ್ಷರದಲ್ಲಿ, ಕೆಳಗೆ ಸಣ್ಣಕ್ಷರದಲ್ಲಿ ‘ಮತ್ತು ಸಂಗಡಿಗರು’ ಎಂದಿರುತ್ತಿತ್ತು. ಇಪ್ಪತ್ತು ವರ್ಷ ಆ ಎರಡು ಪದ ನೋಡಿ ನೋಡಿ, ಈ ಸಂಗಡಿಗರು ಯಾರು ಅಂತ ಹುಡುಕುವುದೇ ನನಗೆ ಅಭ್ಯಾಸವಾಯಿತು. ಪೇಟಿ ಯಾರದು, ತಬಲಾ ಯಾರದು, ಹಿಂದೆ ದನಿಗೂಡಿಸಿದ ಆ ಹೆಣ್ಣುಮಗಳು ಯಾವೂರಿನವಳು?

ನಿನ್ನ ಗಿಟಾರಿನಿಂದಲೇ ಒಂದು ದಾರಿ ತೋರಿಸುತ್ತೇನೆ. ಜೈಪುರದ ವಿಶ್ವಮೋಹನ ಭಟ್ಟರು ಗಿಟಾರಿಗೆ ಹೆಚ್ಚಿನ ತಂತಿ ಕಟ್ಟಿ ಮೋಹನವೀಣೆ ಮಾಡಿಕೊಂಡವರು, ಪಂಡಿತ್ ರವಿಶಂಕರರ ಶಿಷ್ಯರು. ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಜೊತೆ ಅವರು ನುಡಿಸಿದ ಆಲ್ಬಂ 1993ರಲ್ಲಿ ಬಂತು, ಮರುವರ್ಷ ಅದಕ್ಕೆ ಗ್ರ್ಯಾಮಿಯೂ ಬಂತು. ತಾಲೀಮು ಇಲ್ಲ, ಏನೂ ಇಲ್ಲ. ಆಗಷ್ಟೇ ಪರಿಚಯವಾದ ಇಬ್ಬರು ಕೂತು ನುಡಿಸಿದ್ದು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ತಬಲಾ ಯಾರದು? ಸುಖವಿಂದರ್ ಸಿಂಗ್ ನಾಮಧಾರಿ. ಇಬ್ಬರ ತಂತಿಗಳ ನಡುವೆ ಎಲ್ಲಿ ಸುಮ್ಮನಿರಬೇಕು ಎಂಬುದು ಅವರಿಗೆ ಎಷ್ಟು ಚೆನ್ನಾಗಿ ತಿಳಿದಿದೆ, ಅದನ್ನೇ ಒಂದು ಸಲ ಕೇಳು. ದುಂಬೆಕ್ ಎಂಬ ಇನ್ನೊಂದು ತಾಳವಾದ್ಯ ನುಡಿಸಿದ್ದು ಕೂಡರ್ ಅವರ ಮಗ ಜೋಕಿಮ್. ಆಗ ಅವನಿಗೆ ಹದಿನಾಲ್ಕು ವರ್ಷ.

ಈಗ ಕೂಡರ್ ಅವರ ಬೆನ್ನು ಹತ್ತು. 1994ರಲ್ಲಿ ಅವರು ಆಫ್ರಿಕಾದ ಮಾಲಿ ದೇಶದ ಗಿಟಾರ್ ವಾದಕ, ಹಾಡುಗಾರ ಅಲಿ ಫರ್ಕಾ ತೂರೆ ಜೊತೆ ಕೂತಿರುವುದು ಕಾಣುತ್ತದೆ. ಅಲ್ಲಿ ಸ್ವಲ್ಪ ನಿಂತುಕೋ. ನೈಜರ್ ನದಿಯ ದಂಡೆಯ ನಿಯಾಫುಂಕೆ ಅವರ ಊರು. ಲೋಕವೆಲ್ಲ ಕರೆದು ಮೆರೆಸಿದರೂ ತಾನು ಮೊದಲು ರೈತ ಎಂದೇ ಹೇಳುತ್ತಿದ್ದ ಮನುಷ್ಯ. 1999ರಲ್ಲಿ ಬಂದ ಆಲ್ಬಂ ಅನ್ನು ಅವರ ಊರಲ್ಲೇ, ಪಾಳು ಕಟ್ಟಡವೊಂದರಲ್ಲಿ ಜನರೇಟರ್ ಇಟ್ಟು ಧ್ವನಿಮುದ್ರಿಸಿಕೊಂಡರು, ಅದೂ ಬೇಸಾಯದ ಬಿಡುವು ನೋಡಿಕೊಂಡು. 2004ರಲ್ಲಿ ಊರಿನವರು ಅವರನ್ನು ಮೇಯರ್ ಮಾಡಿದರು. 2006ರಲ್ಲಿ ತೀರಿಕೊಂಡರು. ಭದ್ರಾ ನಾಲೆ ಕೆಳಗೆ ಭತ್ತ ಬೆಳೆಯುವ ನನ್ನ ಭಾವಮೈದನಿಗೆ ಒಂದು ರಾತ್ರಿ ಊಟ ಆದಮೇಲೆ ಇವರದ್ದು ಕೇಳಿಸಿದೆ. ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವನ ಕೈ ಅಲ್ಲೇ ನಿಂತಿತು. “ಭಾವ, ಇದು ನಮ್ಮೂರ ಏಕತಾರಿ ಪದ ಇದ್ದಂಗೈತಲ್ಲ” ಅಂದ. ಅವನ ಕಿವಿ ಸರಿಯಾಗೇ ಹಿಡಿದಿತ್ತು. ತೂರೆಯವರ ಎಷ್ಟೋ ರಚನೆಗಳು ಐದೇ ಸ್ವರದ ಮೇಲೆ ನಿಂತಿವೆ, ಒಂದೇ ಶ್ರುತಿಯ ಸುತ್ತ ತಿರುಗುತ್ತವೆ. ಭಾಷೆ ಒಂದಕ್ಷರ ತಿಳಿಯದಿದ್ದರೂ ನಮ್ಮ ಕಡೆಯವರಿಗೆ ಅದು ಹೊರಗಿನದು ಅನ್ನಿಸುವುದಿಲ್ಲ.

ಪ್ರಶ್ನೆ: ನಮ್ಮಜ್ಜಿಗೆ ಎಂಬತ್ತು ದಾಟಿದೆ. ಬೀಸೋ ಪದ, ಸೋಬಾನೆ ಪದ ಬಹಳ ಬರುತ್ತವೆ. ಇಂಥವರನ್ನೂ ಸಂಗೀತಗಾರರು ಅನ್ನಬಹುದೇ? ರೆಕಾರ್ಡ್ ಮಾಡೋಣವೆಂದರೆ “ನಂಗೇನ್ ಬರ್ತೈತೆ, ಹೋಗವ್ವ” ಅನ್ನುತ್ತಾರೆ.
(ಗೃಹಿಣಿ, ಚಳ್ಳಕೆರೆ)

ಉತ್ತರ: ಅನ್ನಲೇಬೇಕು ತಾಯಿ. ನಿಮ್ಮದೇ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದು ಬರಹ ಬಾರದವರು. ಸಾವಿರಾರು ಪದ ಅವರ ನಾಲಗೆ ಮೇಲಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಕೃಷ್ಣಮೂರ್ತಿ ಹನೂರರು ಆ ಹಟ್ಟಿಗೆ ಹೋಗಿ, ಅಜ್ಜಿಯ ಮುಂದೆ ಕೂತು ಕೇಳಿ ಸಂಗ್ರಹಿಸಿದ್ದರಿಂದ ಆ ಪದಗಳು ಇವತ್ತು ನಮ್ಮ ಕೈಗೆ ಸಿಗುತ್ತಿವೆ. ಕೂತು ಕೇಳುವವರು ಸಿಗದ ಅಜ್ಜಿಯರು ಎಷ್ಟು ಹಟ್ಟಿಗಳಲ್ಲಿ ಇದ್ದರೋ ಎಂದು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

“ಹಾಡಜ್ಜಿ” ಎಂದು ಎದುರಿಗೆ ಕೂತರೆ ಯಾವ ಅಜ್ಜಿಯೂ ಹಾಡುವುದಿಲ್ಲ. ನಮ್ಮವ್ವನೂ ಹೀಗೇ ಇದ್ದಳು. ಟೇಪ್ ರೆಕಾರ್ಡರ್ ಮುಂದಿಟ್ಟರೆ ಗಂಟಲು ಕಟ್ಟಿದೆ ಅನ್ನುತ್ತಿದ್ದಳು. ಒಂದು ಮಧ್ಯಾಹ್ನ ಅವಳ ಕೈಗೆ ಅಕ್ಕಿ ಹಾಕಿದ ಮರ ಕೊಟ್ಟು ನಾನು ಬಾಗಿಲ ಹತ್ತಿರ ಕೂತೆ. ಎರಡು ಸಲ ಕೇರಿದಳು, ಮೂರನೇ ಸಲಕ್ಕೆ ಮರದ ಸಪ್ಪಳವೇ ತಾಳವಾಗಿ ಪದ ತಾನಾಗಿ ಎದ್ದು ಬಂತು. ಆ ಕ್ಯಾಸೆಟ್ಟಿನಲ್ಲಿ ಪದದ ಜೊತೆ ಅಕ್ಕಿ ಮರದಲ್ಲಿ ಬೀಳುವ ಸದ್ದೂ ಇದೆ. ನನ್ನಲ್ಲಿರುವ ಎಲ್ಲ ಕ್ಯಾಸೆಟ್ಟುಗಳಲ್ಲಿ ಅದೇ ನನಗೆ ಮೇಲು.

ಫ್ಯಾನ್ ಆರಿಸಿ. ಮೊಬೈಲಿಗೆ ಕರೆ ಬಾರದಂತೆ ಮಾಡಿ, ಬರೀ ನೆಲದ ಮೇಲಿಡದೆ ಮಡಚಿದ ಕಂಬಳಿಯ ಮೇಲೆ ಅಜ್ಜಿಯಿಂದ ಒಂದೆರಡು ಮೊಳ ದೂರದಲ್ಲಿಡಿ. ಮೊದಲಿಗೆ ನಿಮ್ಮ ದನಿಯಲ್ಲೇ ಅಜ್ಜಿಯ ಹೆಸರು, ಊರು, ದಿನಾಂಕ ಹೇಳಿ. ಕೆಮ್ಮಿದರೆ, ಮರೆತರೆ ನಿಲ್ಲಿಸಬೇಡಿ. ಪದ ಮುಗಿದ ಮೇಲೆ “ಇದನ್ನ ಯಾರ ಹತ್ರ ಕಲ್ತೆ?” ಅಂತ ತಪ್ಪದೆ ಕೇಳಿ. ಅಲ್ಲಿ ಇನ್ನೊಂದು ಹೆಸರು ಬರುತ್ತದೆ, ಅದನ್ನೂ ಬರೆದಿಡಿ. ಅಜ್ಜಿಯನ್ನು ಕೇಳದೆ ಯಾರಿಗೂ ಕಳಿಸಬೇಡಿ. ಕೆಲವು ಪದಗಳನ್ನು ಮನೆಯ ಹೊಸಿಲು ದಾಟಿಸಲು ಅವರಿಗೆ ಮನಸ್ಸಿರುವುದಿಲ್ಲ.

ಪ್ರಶ್ನೆ: ನನಗೆ ಹಿಡಿಸಿದ ಅಪರೂಪದ ಗಾಯಕರ ಹಾಡುಗಳನ್ನು ಸ್ನೇಹಿತರ ವಾಟ್ಸಾಪ್ ಗುಂಪಿಗೆ ದಿನಾ ಹಾಕುತ್ತೇನೆ. ಒಬ್ಬರೂ ಕೇಳುವುದಿಲ್ಲ. ಬೇಜಾರಾಗಿದೆ.
(ಬ್ಯಾಂಕ್ ನೌಕರ, ಹರಿಹರ)

ಉತ್ತರ: ಗುಂಪಿಗೆ ಹಾಕುವುದು ನಿಲ್ಲಿಸಿ ಸ್ವಾಮಿ. ಒಬ್ಬರಿಗೆ ಒಂದು ಕೊಡಿ.

ನನ್ನ ಅಂಗಡಿ ದಾವಣಗೆರೆ ಹಳೇ ಬಸ್ ನಿಲ್ದಾಣದ ಹತ್ತಿರ ಇತ್ತು. ಗಿರಾಕಿಗಳು ಚೀಟಿಯಲ್ಲಿ ಹಾಡಿನ ಪಟ್ಟಿ ಬರೆದು ತರುತ್ತಿದ್ದರು. ಅರವತ್ತು ನಿಮಿಷದ ಕ್ಯಾಸೆಟ್ಟೆಂದರೆ ಒಂದು ಮಗ್ಗುಲಿಗೆ ಮೂವತ್ತು ನಿಮಿಷ. ಪಟ್ಟಿಯಲ್ಲಿದ್ದದ್ದೆಲ್ಲ ತುಂಬಿದ ಮೇಲೂ ಕೊನೆಗೆ ಮೂರೋ ನಾಲ್ಕೋ ನಿಮಿಷ ಖಾಲಿ ಉಳಿಯುತ್ತಿತ್ತು. ಆ ಜಾಗಕ್ಕೆ ನಾನು ಗಿರಾಕಿ ಕೇಳದ ಒಂದು ಹಾಡು ಹಾಕುತ್ತಿದ್ದೆ, ದುಡ್ಡು ತೆಗೆದುಕೊಳ್ಳದೆ. ಸುಮ್ಮನೆ ಯಾವುದೋ ಒಂದಲ್ಲ. ಇವನ ಪಟ್ಟಿ ಹೀಗಿದೆ, ಇವನಿಗೆ ಯಾವುದು ತಟ್ಟೀತು ಎಂದು ಪಟ್ಟಿಯನ್ನು ಎರಡು ಸಲ ಓದಿ ಆರಿಸುತ್ತಿದ್ದೆ.

ಕಾಟನ್ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ. ಮಿಲ್ಲಿನ ಕೆಲಸಗಾರನೊಬ್ಬ ರಾಜ್‌ಕುಮಾರ್ ಭಕ್ತಿಗೀತೆಗಳ ಪಟ್ಟಿ ಕೊಟ್ಟಿದ್ದ. ಕೊನೆಗೆ ಉಳಿದ ಜಾಗಕ್ಕೆ ರಾಯಚೂರು ಕಡೆಯ ಸಿದ್ಧರಾಮ ಜಂಬಲದಿನ್ನಿಯವರು ಹಾಡಿದ ಒಂದು ವಚನ ಹಾಕಿದೆ. ಎಂಟು ದಿನಕ್ಕೆ ಬಂದ. ಸೈಕಲ್ಲಿನಿಂದ ಇಳಿಯದೆ ಒಂದು ಕಾಲನ್ನು ಅಂಗಡಿ ಮೆಟ್ಟಿಲ ಮೇಲೆ ಊರಿ, “ಅಣ್ಣಾ, ಕಡೇ ಹಾಡು ಯಾರ್ದು?” ಅಂದ. ಅವನ ಟೇಪ್ ರೆಕಾರ್ಡರಿನ ಹಿಂದಕ್ಕೆ ಸುತ್ತುವ ಗುಂಡಿ ಕೆಟ್ಟಿತ್ತಂತೆ. ಪ್ರತಿ ಸಲ ಕ್ಯಾಸೆಟ್ ಹೊರತೆಗೆದು, ಪೆನ್ಸಿಲ್ ತೂರಿಸಿ, ಕೈಯಲ್ಲೇ ಸುತ್ತಿ ಅದೊಂದನ್ನೇ ಕೇಳಿದ್ದ. ಆಮೇಲೆ ಅವನು ತಂದ ಪಟ್ಟಿಗಳಲ್ಲಿ ಜಂಬಲದಿನ್ನಿ ಎಂಬ ಹೆಸರು ಎಲ್ಲಕ್ಕಿಂತ ಮೇಲೆ ಇರುತ್ತಿತ್ತು.

ಹಾಗಾಗಿ ಸ್ನೇಹಿತರಲ್ಲಿ ಒಬ್ಬರನ್ನು ಆರಿಸಿಕೊಳ್ಳಿ. ಒಂದು ಹಾಡು ಕಳಿಸಿ, ಅದರಲ್ಲಿ ನಿಮಗೆ ಮೈ ಜುಮ್ಮೆಂದ ಜಾಗ ಯಾವುದು ಎಂದು ಒಂದೇ ಸಾಲಿನಲ್ಲಿ ಬರೆಯಿರಿ. ತಿಂಗಳೊಪ್ಪತ್ತು ಇನ್ನೊಂದು ಕಳಿಸಬೇಡಿ. ಅವರು ಕಳಿಸಿದ್ದನ್ನೂ ಪೂರ್ತಿ ಕೇಳಿ.

ಪ್ರಶ್ನೆ: ಜೋಗತಿಯರ ಹಾಡು ಎಂದರೆ ಮಂಜಮ್ಮ ಜೋಗತಿಯವರ ಹೆಸರೊಂದೇ ಗೊತ್ತು. ಬೇರೆ ಯಾರನ್ನು ಕೇಳಬೇಕು?
(ಅಂಗನವಾಡಿ ಕಾರ್ಯಕರ್ತೆ, ಜಗಳೂರು)

ಉತ್ತರ: ಮಂಜಮ್ಮನವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ಆದರೆ ಅವರ ಕಲೆ ಶುರುವಾದದ್ದು ನಮ್ಮ ದಾವಣಗೆರೆ ಬಸ್ ನಿಲ್ದಾಣದ ಬಳಿ. ಮನೆ ಬಿಟ್ಟು, ಎಲ್ಲಿಯೂ ನೆಲೆ ಇಲ್ಲದೆ ಅಲೆಯುತ್ತಿದ್ದಾಗ ಅಲ್ಲಿ ತಂದೆ ಹಾಡುತ್ತಿದ್ದುದನ್ನು, ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದುದನ್ನು ಕಂಡು ಅವರಿಗೆ ಈ ವಿದ್ಯೆ ಹತ್ತಿತು. ಆಮೇಲೆ ಕಾಳವ್ವ ಜೋಗತಿಯವರ ಮೇಳ ಸೇರಿದರು. ಆ ನಿಲ್ದಾಣದ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಆ ತಂದೆ ಮಗನ ನೆನಪು. ನಿಮ್ಮ ಕಡೆ ಎಲ್ಲಮ್ಮನ ಹುಣ್ಣಿಮೆಗೆ ಚೌಡಿಕೆ ಎಂಬ ತಂತಿವಾದ್ಯ ಹಿಡಿದು ಬರುವವರು ಈಗಲೂ ಇದ್ದಾರೆ. ಅವರ ಪಡ್ಡಲಗಿ ಬುಟ್ಟಿಗೆ ಜೋಳ ಹಾಕಿ ಕಳಿಸಿಬಿಡಬೇಡಿ. ಕಟ್ಟೆ ಮೇಲೆ ಕೂರಿಸಿ, ನೀರು ಕೊಟ್ಟು, ಒಂದು ಪದ ಪೂರ್ತಿ ಹೇಳಿಸಿ, ಹೆಸರು ಕೇಳಿ. ನೀವು ಕೇಳಬೇಕಾದವರು ಅವರೇ.

ಪ್ರಶ್ನೆ: ಹಳೆಯ ಕಂಪನಿ ನಾಟಕಗಳಲ್ಲಿ ನುಡಿಸುತ್ತಿದ್ದವರ ಬಗ್ಗೆ ಏನಾದರೂ ಬರೆಯಿರಿ.
(ನಿವೃತ್ತ ಶಿಕ್ಷಕರು, ಚಿತ್ರದುರ್ಗ)

ಉತ್ತರ: ದಾವಣಗೆರೆಯ ಕೆ.ಬಿ.ಆರ್. ಡ್ರಾಮಾ ಕಂಪನಿ, ಚಿಂದೋಡಿ ವೀರಪ್ಪನವರು, ಚಿಂದೋಡಿ ಲೀಲಾ ಅವರ ಹೆಸರು ನಾಡಿಗೆಲ್ಲ ಗೊತ್ತಿದೆ ಗುರುಗಳೇ. ರಂಗದ ಮುಂದಿನ ತಗ್ಗಿನಲ್ಲಿ ಕಾಲುಪೇಟಿ ತುಳಿಯುತ್ತಿದ್ದ ಮಾಸ್ತರರ ಹೆಸರುಗಳು ಹಾಗೆ ಉಳಿಯಲಿಲ್ಲ. ನನ್ನ ಹತ್ತಿರ ಒಂದು ಕ್ಯಾಸೆಟ್ಟಿದೆ. ದುಗ್ಗಮ್ಮನ ಜಾತ್ರೆಗೆ ಟೆಂಟ್ ಹಾಕಿದ್ದ ಕಂಪನಿಯೊಂದರ ನಾಟಕದಲ್ಲಿ, ಪರದೆ ಏಳುವ ಮುಂಚೆ ಒಬ್ಬರು ಕ್ಲಾರಿಯೊನೆಟ್ಟಿನಲ್ಲಿ ಹನ್ನೊಂದು ನಿಮಿಷ ಭೈರವಿ ನುಡಿಸಿದ್ದು. ತೆಳ್ಳಗಿನ ಮನುಷ್ಯ, ಬಿಳಿ ಅಂಗಿ, ಬಲಗೈ ಉಂಗುರ ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದರು. ನಾಟಕ ಮುಗಿದ ಮೇಲೆ ಟೆಂಟಿನ ಹಿಂದೆ ಇಬ್ಬರೂ ನಿಂತು ಟೀ ಕುಡಿದೆವು. ಪೀಪಿ ಎಲ್ಲಿಂದ ತರಿಸುತ್ತೀರಿ ಎಂದು ಕೇಳಿದೆ, ಆ ರಾಗ ಯಾರಿಂದ ಕಲಿತಿರಿ ಎಂದು ಕೇಳಿದೆ. ಹರಿಹರದ ಗುರುಗಳಿಂದ ಎಂದರು. ಅವರದೇ ಹೆಸರು ಕೇಳುವಷ್ಟರಲ್ಲಿ ಲಾರಿಗೆ ಸಾಮಾನು ಹೇರಲು ಯಾರೋ ಕೂಗಿದರು. ಇದನ್ನು ಓದಿ ಯಾರಿಗಾದರೂ ಅವರ ಗುರುತು ಹತ್ತಿದರೆ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಕ್ಯಾಸೆಟ್ಟಿನ ಚೀಟಿಯಲ್ಲಿ ಹೆಸರಿನ ಜಾಗ ಹಾಗೇ ಬಿಟ್ಟಿದ್ದೇನೆ.