ಹಳೆ ಬ್ಯಾಟರಿ ಭಟ್ಟಿ ಇದ್ದ ಜಾಗದಲ್ಲಿ ಮನೆ ಕಟ್ಟಬಹುದಾ?

ಪ್ರಶ್ನೆ: ಕೊಪ್ಪಳದ ಹೊರಗೆ ನಾಲ್ಕು ಗುಂಟೆ ಜಾಗ ತಗೊಂಡಿದ್ದೇವೆ. ಹಿಂದೆ ಅಲ್ಲಿ ಹಳೆ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದರಂತೆ. ಈಗ ಭಟ್ಟಿ ಇಲ್ಲ, ಜಾಲಿ ಬೆಳೆದಿದೆ. ರೈತ ಸಂಪರ್ಕ ಕೇಂದ್ರಕ್ಕೆ ಮಣ್ಣು ಕೊಟ್ಟಿದ್ದೆವು, ಕಾರ್ಡಿನಲ್ಲಿ ಎಲ್ಲ ಚೆನ್ನಾಗಿದೆ ಅಂತ ಬಂತು. ಮೇಲಿನ ಮಣ್ಣು ತೆಗೆಸಿ ಮನೆ ಕಟ್ಟಬಹುದಾ? ಎರಡು ವರ್ಷದ ಮಗು ಇದೆ.

ಉತ್ತರ: ಆ ಕಾರ್ಡ್ ನಂಬಿ ಮಾತ್ರ ಕಟ್ಟಬೇಡಿ. ಮಣ್ಣು ಆರೋಗ್ಯ ಕಾರ್ಡಿನಲ್ಲಿ ನೋಡುವುದು 12 ಅಂಶ. ಸಾರಜನಕ, ರಂಜಕ, ಪೊಟ್ಯಾಷ್, ಸತು ಇಂಥವು. ಬೆಳೆಗೆ ಏನು ಬೇಕು ಅಂತ ತಿಳಿಯೋಕೆ ಮಾಡಿದ ಕಾರ್ಡ್ ಅದು, ಸೀಸ ಆ ಪಟ್ಟಿಯಲ್ಲೇ ಇಲ್ಲ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿಗೆ ಮಣ್ಣು ಕಳಿಸಿ, ಸೀಸದ ಜೊತೆ ಆರ್ಸೆನಿಕ್ ಅನ್ನೋ ಇನ್ನೊಂದು ವಿಷವನ್ನೂ ನೋಡಿ ಅಂತ ಹೇಳಿ.

ಮಾದರಿ ತೆಗೆಯುವಾಗ ಒಂದು ಎಚ್ಚರ. ಹೊಲದ ಮಣ್ಣನ್ನು ನಾಲ್ಕೈದು ಕಡೆ ತೆಗೆದು ಕಲಸಿ ಕೊಡುತ್ತೇವಲ್ಲ, ಇಲ್ಲಿ ಹಾಗೆ ಕಲಸಬಾರದು. ಭಟ್ಟಿ ಇದ್ದ ಕಡೆ ವಿಪರೀತ ಸೀಸ ಇದ್ದು ಮೂಲೆಯಲ್ಲಿ ಏನೂ ಇಲ್ಲದಿದ್ದರೆ ಕಲಸಿದಾಗ ನಡುವಿನ ಒಂದು ಸಂಖ್ಯೆ ಬಂದು ಕೆಟ್ಟ ಜಾಗ ಅಡಗಿಬಿಡುತ್ತದೆ. ಭಟ್ಟಿ ಇದ್ದ ಜಾಗ, ಆಸಿಡ್ ಚೆಲ್ಲಿದ ಜಾಗ, ಬೂದಿ ಹಾಕಿದ ಜಾಗ, ಎಲ್ಲದಕ್ಕೂ ಬೇರೆ ಬೇರೆ ಚೀಲ. ಮೇಲಿನ ಒಂದಿಂಚು ಬೇರೆ, ಅರ್ಧ ಅಡಿ ಕೆಳಗಿನದು ಬೇರೆ. ಸೀಸ ಸಾಮಾನ್ಯವಾಗಿ ಮೇಲ್ಪದರದಲ್ಲೇ ಕೂರುತ್ತದೆ, ಆದರೆ ಆಸಿಡ್ ಬಿದ್ದ ಕಡೆ ಕೆಳಗೂ ಇಳಿದಿರಬಹುದು.

ಅಮೆರಿಕದಲ್ಲಿ ಮನೆ ಅಂಗಳದ ಮಣ್ಣಿಗೆ ಸೀಸದ ಎಚ್ಚರಿಕೆ ಮಟ್ಟ ಮೊದಲು 400 ಪಿಪಿಎಂ ಅನ್ನುತ್ತಿದ್ದರು, 2024ರಲ್ಲಿ ಅದನ್ನು 200ಕ್ಕೆ ಇಳಿಸಿದರು. ಅಂದರೆ ಕಿಲೋ ಮಣ್ಣಿನಲ್ಲಿ 200 ಮಿಲಿಗ್ರಾಂ ದಾಟಿದರೆ ಸುಮ್ನೆ ಬಿಡೋ ಹಾಗಿಲ್ಲ.

ಇನ್ನು ಮಣ್ಣು ತೆಗೆಸುವ ಮಾತು. ನನಗೆ ನಿಜವಾದ ಭಯ ಇಲ್ಲೇ. ಜೆಸಿಬಿ ತರಿಸಿ ಒಂದಡಿ ಕೆತ್ತಿಸಿ ಟ್ರ್ಯಾಕ್ಟರ್‌ನವನಿಗೆ ಕೊಟ್ಟರೆ ಅವನು ಅದನ್ನು ಇನ್ಯಾರದೋ ಪಾಯಕ್ಕೋ ಕೆರೆ ದಂಡೆಗೋ ಸುರಿಯುತ್ತಾನೆ, ಅಲ್ಲೂ ಮಕ್ಕಳಿರುತ್ತಾರೆ ಅಲ್ವಾ? ಸೀಸ ಕೊಳೆಯುವುದಿಲ್ಲ, ಸುಟ್ಟರೂ ಹೋಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೇ. ಸೆನೆಗಲ್ ದೇಶದ ಡಾಕರ್ ಹತ್ತಿರ ಒಂದು ಬಡಾವಣೆಯಲ್ಲಿ, ಬ್ಯಾಟರಿ ಒಡೆಯುತ್ತಿದ್ದ ಜಾಗದ ಮಣ್ಣನ್ನು ಜನ ಮನೆಗೆ ತಂದು ಜರಡಿ ಹಿಡಿದು ಸೀಸ ಆರಿಸಿ ಮಾರುತ್ತಿದ್ದರು. 2007-08ರಲ್ಲಿ ಕೆಲವೇ ತಿಂಗಳಲ್ಲಿ ಅಲ್ಲಿ 18 ಮಕ್ಕಳು ಸತ್ತರು.

ಸೀಸ ತುಂಬಾ ಜಾಸ್ತಿ ಬಂದರೆ ನಿಮ್ಮ ಕೈಯಿಂದ ಏನೂ ಮಾಡಬೇಡಿ. ಪರಿಸರ ಮಾಲಿನ್ಯ ನಿಯಂತ್ರಣ ಮಂಡಳಿಗೂ ಜಿಲ್ಲಾಧಿಕಾರಿ ಕಚೇರಿಗೂ ವರದಿ ಲಗತ್ತಿಸಿ ಅರ್ಜಿ ಕೊಡಿ, ಸ್ವೀಕೃತಿ ಇಸ್ಕೊಳ್ಳಿ. ಕಲುಷಿತ ಜಾಗಗಳಿಗೆ ಅಂತಲೇ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ನಿಯಮ ತಂದಿದೆ. ಅನುಮಾನದ ಜಾಗಗಳ ಪಟ್ಟಿ ಜಿಲ್ಲಾಡಳಿತ ಮಾಡಬೇಕು, ಕೆಡಿಸಿದವರೇ ಖರ್ಚು ಭರಿಸಬೇಕು. ಹೀಗೆ ತೆಗೆದ ಮಣ್ಣು ಅಪಾಯಕಾರಿ ತ್ಯಾಜ್ಯದ ಅಧಿಕೃತ ಘಟಕಕ್ಕೇ ಹೋಗಬೇಕು.

ಸ್ವಲ್ಪವೇ ಇದ್ದರೆ ಮುಚ್ಚುವುದೇ ಒಳ್ಳೆಯದು. ಮನೆ ಸುತ್ತ ಕಾಂಕ್ರೀಟ್ ಅಥವಾ ಫರ್ಸಿ ಕಲ್ಲು. ಉಳಿದ ಕಡೆ ಗಟ್ಟಿ ಜಿಯೋ ಬಟ್ಟೆ (ಮಣ್ಣಿನಡಿ ಹಾಸುವ ಪ್ಲಾಸ್ಟಿಕ್ ನೂಲಿನ ಬಟ್ಟೆ) ಹಾಸಿ ಅದರ ಮೇಲೆ ಒಂದಡಿ ಒಳ್ಳೆ ಮಣ್ಣು, ಮೇಲೆ ಹುಲ್ಲು. ಮುಂದೆ ಯಾರಾದರೂ ಅಗೆದರೆ ಆ ಬಟ್ಟೆ ಕಂಡು ನಿಲ್ಲಿಸುತ್ತಾರೆ. ಕೆಲಸ ನಡೆಯುವಾಗ ನೀರು ಹಾಕಿ ಧೂಳು ಏಳದಂತೆ ನೋಡಿಕೊಳ್ಳಿ. ಆಷಾಢದ ಗಾಳಿಯಲ್ಲಂತೂ ಬೇಡವೇ ಬೇಡ.

ಪ್ರಶ್ನೆ: ಸೂರ್ಯಕಾಂತಿ ಬಿತ್ತಿದರೆ ಮಣ್ಣಿನ ಸೀಸವನ್ನೆಲ್ಲ ಎಳೆದುಕೊಳ್ಳುತ್ತದಂತೆ, ನಿಜವಾ? (ಸಿಂಧನೂರಿನ ರೈತರು)

ಉತ್ತರ: ನಮ್ಮ ಎರೆ ಭೂಮಿಯಲ್ಲಿ ಅದನ್ನು ನಂಬಿ ಕೂರಬೇಡಿ. ಎರೆ ಮಣ್ಣು ಕ್ಷಾರದ್ದು, ಜಿಗುಟು. ಸೀಸವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ, ಬೇರಿಗೆ ಬಿಡುವುದು ಬಹಳ ಕಡಿಮೆ. ಎಷ್ಟೋ ದಶಕ ಬೆಳೆದರೂ ಮುಗಿಯದ ಕೆಲಸ. ಬೇಗ ಆಗಲಿ ಅಂತ ಇಡಿಟಿಎ ಅನ್ನೋ, ಲೋಹವನ್ನು ಮಣ್ಣಿನಿಂದ ಬಿಡಿಸುವ ರಾಸಾಯನಿಕ ಹಾಕಿದರೆ ಸೀಸ ಸಡಿಲವಾಗಿ ಬೋರ್‌ವೆಲ್ ನೀರಿಗೆ ಇಳಿಯುವ ಅಪಾಯ ಇದೆ. ಆ ದಂಟು ಕೂಡ ದನಕ್ಕೂ ಒಲೆಗೂ ಆಗುವುದಿಲ್ಲ.

ರಂಜಕದ ದಾರಿ ಒಂದಿದೆ. ಸೀಸ ರಂಜಕದ ಜೊತೆ ಸೇರಿದರೆ ಸುಲಭಕ್ಕೆ ಕರಗದ ಖನಿಜವಾಗುತ್ತದೆ. ಹೊಟ್ಟೆಗೆ ಹೋದರೂ ರಕ್ತಕ್ಕೆ ಸೇರುವುದು ಕಡಿಮೆ. ಅಮೆರಿಕದ ಓಕ್‌ಲ್ಯಾಂಡ್ ನಗರದಲ್ಲಿ ಅಂಗಳದ ಮಣ್ಣಿಗೆ ಮೀನಿನ ಮೂಳೆ ಪುಡಿ ಬೆರೆಸಿದ್ದು ಇದಕ್ಕೇ. ಆದರೆ ಮಣ್ಣಿನಲ್ಲಿ ಆರ್ಸೆನಿಕ್ ಇದ್ದರೆ ರಂಜಕ ಅದನ್ನು ಸಡಿಲ ಮಾಡಿಬಿಡುತ್ತದೆ, ಬ್ಯಾಟರಿ ಪ್ಲೇಟಿನಲ್ಲಿ ಆರ್ಸೆನಿಕ್ ಸ್ವಲ್ಪ ಇರುವುದುಂಟು. ಟೆಸ್ಟ್ ಆಗದೆ ಡಿಎಪಿಯಂಥ ರಂಜಕದ ಗೊಬ್ಬರ ಎರಚಬೇಡಿ.

ಪ್ರಶ್ನೆ: ಮಗುವಿಗೆ ಸೀಸ ಸೇರಿದೆಯಾ ಅಂತ ಗೊತ್ತಾಗೋದು ಹೇಗೆ?

ಉತ್ತರ: ನೋಡಿದರೆ ಗೊತ್ತಾಗುವುದಿಲ್ಲ, ರಕ್ತ ಪರೀಕ್ಷೆಯೇ ಬೇಕು. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಸೀಸ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ನಿಲ್ಲಿಸಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಹೀರುತ್ತದೆ. ಕಬ್ಬಿಣಾಂಶ ಕಡಿಮೆ ಇದ್ದರೆ ಇನ್ನೂ ಜಾಸ್ತಿ. ಹಾಗಾಗಿ ರಕ್ತಹೀನತೆಯನ್ನೂ ನೋಡಿಸಿ. ಬಸುರಿಯರಿಗೆ ಮಣ್ಣು ತಿನ್ನುವ ಆಸೆ ಆಗುತ್ತದಲ್ಲ, ಅಂಥ ಜಾಗದಲ್ಲಿ ಅದು ಹೊಟ್ಟೆಯಲ್ಲಿರುವ ಮಗುವಿಗೂ ತಟ್ಟುತ್ತದೆ. ಸಂಕೋಚ ಬಿಟ್ಟು ಡಾಕ್ಟರಿಗೆ ಹೇಳಿ.